ತಣ್ಣಗಿದ್ದರೂ ಹಿಡಿಯುವ ಬ್ರೇಕು

ಪುತ್ತಿಗೆ
೧೩ ಫೆಬ್ರವರಿ ೨೦೧೮, ಮಂಗಳವಾರ

ಪ್ರೀತಿಯ ಹಿಬಾಳ ಉಪ್ಪಾ,

ಅಸ್ಸಲಾಮು ಅಲೈಕುಂ. ನಿಮ್ಮ ಸೊಂಟನೋವು ಹೇಗಿದೆ? ಕಳೆದ ಶುಕ್ರವಾರ ಫೋನಿನಲ್ಲಿ ನಿಮ್ಮ ಮೂಗು ಕಟ್ಟಿದ ಹಾಗಿತ್ತು. ಸೌದಿಯಲ್ಲಿ ಇನ್ನೂ ಚಳಿ ಇದ್ದರೆ ಎಸಿ ಹಾಕಿಕೊಂಡು ಮಲಗಬೇಡಿ. ಇಲ್ಲಿ ನಾವೆಲ್ಲ ಅಲ್ಲಾಹನ ಕೃಪೆಯಿಂದ ಚೆನ್ನಾಗಿದ್ದೇವೆ. ಖರ್ಜೂರದ ಡಬ್ಬವನ್ನು ನಾನು ಅಡಗಿಸಿಟ್ಟ ಮೇಲೆ ನಿಮ್ಮ ಉಮ್ಮನ ಸಕ್ಕರೆ ಸ್ವಲ್ಪ ಇಳಿದಿದೆ. ಹಿಬಾಳ ಮುಂದಿನ ಹಲ್ಲು ಬಿದ್ದಿದೆ. ಈಗ ಅವಳು ಯಾರ ಎದುರೂ ನಗುವುದಿಲ್ಲ, ಕೈ ಅಡ್ಡ ಹಿಡಿಯುತ್ತಾಳೆ. ಹೀಗೆ ಕಾಗದ ಬರೆದದ್ದು ಕಂಡು ನಿಮಗೆ ಗಾಬರಿಯಾಗುವುದು ಬೇಡ. ಫೋನಿನಲ್ಲಿ ಹೇಳೋಣವೆಂದರೆ ಉಮ್ಮ ಪಕ್ಕದಲ್ಲೇ ಇರುತ್ತಾರೆ. ವಾಟ್ಸಾಪಿನಲ್ಲಿ ಬರೆದರೆ ನೀವು ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಮುಗಿಸುತ್ತೀರಿ. ನೆರೆಮನೆಯವರ ಅಳಿಯ ನಾಡಿದ್ದು ದಮಾಮಿಗೆ ಮರಳುತ್ತಾನೆ, ಪುನರ್ಪುಳಿ ಸಿಪ್ಪೆಯ ಕಟ್ಟಿನ ಜೊತೆ ಇದನ್ನೂ ಅವನ ಕೈಯಲ್ಲಿ ಕೊಡುತ್ತಿದ್ದೇನೆ.

ಕಾರಿನ ವಿಷಯ. ನೀವು ಮೊದಲು ಓದಲು ಬಯಸುವುದು ಅದನ್ನೇ ಎಂದು ಗೊತ್ತು. ಆದರೆ ಕಾರಿಗಿಂತ ಮೊದಲು ದೀಪ್ತಿಯ ವಿಷಯ ಹೇಳಬೇಕು. ನವೆಂಬರಿನ ರಜೆಯಲ್ಲಿ ನೀವು ನಮ್ಮ ಹೋಂಡಾ ಸಿಟಿಯನ್ನು ಕೊಯಮತ್ತೂರಿನ ರೇಸ್ ಟ್ರ್ಯಾಕಿಗೆ ಒಯ್ದು ಓಡಿಸಿ ಬಂದಿರಲ್ಲ, ಆ ದಿನದಿಂದ ಈ ಮನೆಯಲ್ಲಿ ಆ ಹೆಸರು ಕೇಳದ ವಾರವಿಲ್ಲ. ಬ್ರೇಕಿಗೆ ಪ್ಯಾಡ್ ಯಾವುದು ಹಾಕಬೇಕು, ‘ದೀಪ್ತಿ ಹೇಳ್ತಾರೆ’. ಡಿಸ್ಕ್ ತೂತಿನದ್ದೋ ಸಾದಾದ್ದೋ, ‘ದೀಪ್ತಿಯನ್ನು ಕೇಳ್ಬೇಕು’. ಪೆರ್ಲದ ಹುಡುಗಿ, ಮಂಗಳೂರಿನಲ್ಲಿ ಕಾರಿನ ಬಿಡಿಭಾಗಗಳ ಕಂಪೆನಿಯಲ್ಲಿ ಕೆಲಸ, ಸ್ವಂತ ಕಾರು ತೆಗೆದುಕೊಂಡು ಟ್ರ್ಯಾಕಿಗೆ ಹೋಗುತ್ತಾರೆ ಎಂದು ಮೊದಲ ಸಲ ಹೇಳುವಾಗ ನಿಮ್ಮ ದನಿ ಏರಿದ್ದನ್ನು ನಾನು ಕೇಳಿಸಿಕೊಂಡಿದ್ದೇನೆ. ನೀವು ಕಳಿಸಿದ ಫೋಟೋದಲ್ಲಿ ಆಕೆ ಹೆಲ್ಮೆಟನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದಾಳೆ, ಪಕ್ಕದಲ್ಲಿ ನೀವು ಬಾಯಿ ತುಂಬ ನಗುತ್ತಿದ್ದೀರಿ. ಮದುವೆಯ ಆಲ್ಬಮಿನಲ್ಲಿ ಹುಡುಕಿದೆ. ಅಂಥ ನಗು ಒಂದರಲ್ಲಿಯೂ ಇಲ್ಲ.

ಎದುರಿನ ಕೋಣೆಗೆ ಯಾವ ಬಣ್ಣ ಹೊಡೆಸಲಿ ಎಂದು ಕೇಳಿದರೆ ‘ನಿನಗೆ ಬೇಕಾದ್ದು ಹೊಡಿಸು’ ಎಂದಿರಿ. ಒಂದೇ ಮಾತು. ಬ್ರೇಕ್ ಪ್ಯಾಡಿನ ಬಗ್ಗೆ ಆಕೆಯೊಡನೆ ಅರ್ಧ ಗಂಟೆ ಮಾತಾಡಿ, ಊಟ ತಡವಾಯಿತು ಎಂದು ನನಗೇ ಹೇಳಿದಿರಿ. ನನ್ನ ಹೊಟ್ಟೆ ಉರಿಯುತ್ತಿತ್ತು. ಬಂಗುಡೆ ಹೆಚ್ಚುವಾಗ ಉರಿಯುತ್ತಿತ್ತು, ಹಿಬಾಳ ತಲೆ ಬಾಚುವಾಗ ಉರಿಯುತ್ತಿತ್ತು. ಜಡೆ ಬಿಗಿಯಾಯಿತೆಂದು ಮಗು ಅತ್ತಿತು. ನಾನೂ ಬ್ರೇಕಿನ ಬಗ್ಗೆ ತಿಳಿದುಕೊಂಡರೆ ನನ್ನೊಡನೆಯೂ ಮಾತಾಡುತ್ತೀರೋ ಎಂದು ಮೊಬೈಲಿನಲ್ಲಿ ವೀಡಿಯೋ ನೋಡಿದೆ. ಒಂದು ಶುಕ್ರವಾರ ಧೈರ್ಯ ಮಾಡಿ ‘ಪ್ಯಾಡಿನ ಬಿಸಿ’ ಎಂದು ಶುರುಮಾಡಿದ್ದೇ ತಡ, ‘ಅದು ನಿನಗೆ ಅರ್ಥ ಆಗ್ಲಿಕ್ಕಿಲ್ಲ, ಉಮ್ಮನಿಗೆ ಫೋನ್ ಕೊಡು’ ಎಂದಿರಿ.

ಹೀಗಿರುವಾಗ ನೀವೇ ಹೇಳಿದಿರಿ, ದೀಪ್ತಿ ಭಾನುವಾರ ಊರಿಗೆ ಬರುತ್ತಾರೆ, ಪ್ಯಾಡು ಡಿಸ್ಕು ತಂದಿರುತ್ತಾರೆ, ಯಾರಾದರೂ ಡ್ರೈವರನ್ನು ಕರೆದು ಕಾರನ್ನು ಪೆರ್ಲಕ್ಕೆ ಕಳಿಸು ಎಂದು. ನಾನು ಡ್ರೈವರನ್ನು ಕರೆಯಲಿಲ್ಲ. ಹಿಬಾಳನ್ನು ಶಾಲೆಗೆ ಬಿಡುವುದೂ ಉಮ್ಮನನ್ನು ಕುಂಬಳೆಯ ಆಸ್ಪತ್ರೆಗೆ ಕರೆದೊಯ್ಯುವುದೂ ಇದೇ ಕಾರಿನಲ್ಲಿ, ಓಡಿಸುವವಳು ನಾನೇ, ಮತ್ತೆ ಪೆರ್ಲಕ್ಕೆ ಮಾತ್ರ ಯಾಕೆ ಬೇರೆಯವರು? ನಿಜ ಹೇಳುತ್ತೇನೆ, ಆಕೆಯನ್ನು ಕಣ್ಣಾರೆ ನೋಡಬೇಕಿತ್ತು. ಹಸಿರು ರೇಷ್ಮೆಯ ಶಾಲು ಹಾಕಿಕೊಂಡೆ. ಒಬ್ಬಳೇ ಹೋಗುವುದು ಸರಿಯಲ್ಲವೆಂದು ಉಮ್ಮ ತಾವಾಗಿಯೇ ಹೊರಟರು. ಹಿಬಾ ನನ್ನ ತಂಗಿಯ ಮನೆಯಲ್ಲಿ ಉಳಿದಳು. ಬದಿಯಡ್ಕ ಕಳೆದ ಮೇಲೆ ಇಳಿಜಾರಿನ ತಿರುವುಗಳಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಸ್ಟೇರಿಂಗ್ ಗಡಗಡ ನಡುಗುತ್ತಿತ್ತು. ಉಮ್ಮ ಕಣ್ಣು ಮುಚ್ಚಿ ಅಲ್ಲಾಹನ ಹೆಸರಿನ ದಿಕ್ರ್ ಹೇಳುತ್ತಿದ್ದರು. ನವೆಂಬರಿನಿಂದ ಅದು ಹಾಗೆಯೇ ನಡುಗುತ್ತಿದೆ. ನಿಮಗೆ ಹೇಳಿದ್ದೆ. ‘ನಿಧಾನ ಓಡಿಸು’ ಎಂದಿದ್ದಿರಿ.

ದೀಪ್ತಿ ಫೋಟೋದಲ್ಲಿದ್ದ ಹಾಗಿಲ್ಲ. ಗಿಡ್ಡ, ದಪ್ಪ ಕನ್ನಡಕ, ಉಗುರಿನ ಸಂದಿಯಲ್ಲಿ ಗ್ರೀಸು. ನನ್ನ ರೇಷ್ಮೆ ಶಾಲು ನೋಡಿ ನನಗೇ ನಾಚಿಕೆಯಾಯಿತು. ಆಕೆಯ ತಾಯಿ ಸುಬ್ಬಲಕ್ಷ್ಮಿಯಮ್ಮ ಬೆಲ್ಲದ ಪಾನಕ ಕೊಟ್ಟು ಉಮ್ಮನನ್ನು ಒಳಗೆ ಕರೆದುಕೊಂಡು ಹೋದರು. ಇಬ್ಬರಿಗೂ ಮೊಣಕಾಲು ನೋವು, ಮಾತಿಗೆ ಬೇರೆ ವಿಷಯವೇ ಬೇಕಾಗಲಿಲ್ಲ. ದೀಪ್ತಿ ಕಾರಿನ ಸುತ್ತ ಒಂದು ಸುತ್ತು ಬಂದು ‘ಕಾರು ಯಾರು ತಂದದ್ದು?’ ಎಂದು ಕೇಳಿದರು. ನಾನೇ ಎಂದೆ. ‘ಬ್ರೇಕ್ ಒತ್ತುವಾಗ ಎಂತ ಆಗ್ತದೆ?’ ನನ್ನನ್ನು ಯಾರೂ ಇಷ್ಟರವರೆಗೆ ಕೇಳಿರದ ಪ್ರಶ್ನೆ ಅದು. ನಡುಗುವುದು, ಪೆಡಲು ಮೆತ್ತಗೆ ಒಳಗೆ ಹೋಗುವುದು, ಬೆಳಿಗ್ಗೆಗಿಂತ ಮಧ್ಯಾಹ್ನ ಹೆಚ್ಚು, ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡರು. ಆಮೇಲೆ, ‘ನೀವು ಯಾವಾಗಲೂ ಓಡಿಸ್ತೀರಾ ಇದನ್ನು?’ ದಿನಾ, ಮಗಳ ಶಾಲೆಗೆ ಎಂದೆ.

ಅವರ ಮುಖ ಬದಲಾಯಿತು. ‘ಎಂತ ಮಾರಾಯ್ರೆ ಇದು. ನಾನು ರಿಯಾಝ್ ಹತ್ತಿರ ಎಷ್ಟು ಸಲ ಕೇಳಿದ್ದೇನೆ, ರಸ್ತೆಯಲ್ಲಿ ಯಾರಾದ್ರೂ ಓಡಿಸ್ಲಿಕ್ಕೆ ಉಂಟಾ ಅಂತ. ಇಲ್ಲ, ಶೆಡ್ಡಿನಲ್ಲೇ ಇರ್ತದೆ, ಮನೆಯಲ್ಲಿ ಓಡಿಸುವವರು ಯಾರೂ ಇಲ್ಲ ಅಂತ ಹೇಳಿದ್ರು.’

ಯಾರೂ ಇಲ್ಲ. ಮದುವೆಯಾದ ಹೊಸದರಲ್ಲಿ ಶಾಲೆಯ ಮೈದಾನದಲ್ಲಿ ನನಗೆ ಕ್ಲಚ್ಚು ಕಲಿಸಿದವರು ನೀವು. ಆ ‘ಯಾರೂ ಇಲ್ಲ’ವನ್ನು ನಾನು ಕೇಳಬೇಕಾದದ್ದು ಆಕೆಯ ಬಾಯಿಂದ, ಆಕೆಯ ಅಂಗಳದಲ್ಲಿ.

ನೀವು ಬೇಕೆಂದದ್ದು ಮೇಜಿನ ಮೇಲಿತ್ತು. ತೂತು ಕೊರೆದ ಡಿಸ್ಕು, ರೇಸಿನವರು ಹಾಕುವ ಎಲ್ಲಕ್ಕಿಂತ ಜೋರಿನ ಪ್ಯಾಡು. ಅದನ್ನು ಹಾಕಬಾರದು ಎಂದು ದೀಪ್ತಿ ಬಿಡಿಸಿ ಹೇಳಿದರು. ಆ ಪ್ಯಾಡು ಕಾದು ಕೆಂಡವಾದ ಮೇಲೆಯೇ ಹಿಡಿಯುವುದಂತೆ. ಬೆಳಿಗ್ಗೆ ತಣ್ಣಗಿನ ಕಾರು ತೆಗೆದು ಶಾಲೆಯ ಇಳಿಜಾರಿನಲ್ಲಿ ಮೊದಲ ಸಲ ಒತ್ತಿದರೆ ಕಾರು ಬೇಗ ನಿಲ್ಲಲಿಕ್ಕಿಲ್ಲ. ತೂತಿನ ಡಿಸ್ಕು ನೋಡಲು ಚೆಂದ, ಟ್ರ್ಯಾಕಿನ ಬಿಸಿಗೆ ತೂತಿನಿಂದಲೇ ಬಿರುಕು ಬಿಡುತ್ತದಂತೆ. ಸಾದಾ ಡಿಸ್ಕು ಸಾಕು, ಬಿಸಿಯನ್ನೂ ತಡೆಯುವ ತಣ್ಣಗಿದ್ದರೂ ಹಿಡಿಯುವ ನಡುವಿನ ಪ್ಯಾಡು ಸಾಕು, ಎಲ್ಲಕ್ಕಿಂತ ಮುಖ್ಯ ಬೇಗ ಕುದಿಯದ ಒಳ್ಳೆಯ ಬ್ರೇಕ್ ಆಯಿಲ್ ಎಂದರು. ಯಾವುದಕ್ಕೂ ಇರಲಿ ಎಂದು ಅವನ್ನೂ ತಂದಿದ್ದರು. ಇಷ್ಟೆಲ್ಲ ಗೊತ್ತಿದ್ದೂ ನೀವು ಯಾಕೆ ಆ ಪ್ಯಾಡೇ ಬೇಕೆಂದು ಹಟ ಹಿಡಿದಿರಿ ಎಂದು ನಾನು ಅವರನ್ನು ಕೇಳಿದೆ. ದೀಪ್ತಿ ಪ್ಯಾಡನ್ನು ಪೆಟ್ಟಿಗೆಗೆ ತುಂಬುತ್ತ, ‘ಆ ದಿನ ಹೆದರಿದ್ದಾರಲ್ಲ. ಹೆದರಿದವರಿಗೆ ಎಲ್ಲದಕ್ಕಿಂತ ದೊಡ್ಡದೇ ಬೇಕು ಅಂತ ಆಗ್ತದೆ’ ಎಂದರು.

ಯಾವ ದಿನ ಎಂದೆ. ಅವರು ತಲೆ ಎತ್ತಿ ನನ್ನನ್ನು ನೋಡಿದರು. ನನಗೆ ಗೊತ್ತಿಲ್ಲ ಎಂಬುದು ಅವರಿಗೆ ಆಗಲೇ ಗೊತ್ತಾದದ್ದು.

ನೇರ ದಾರಿಯ ಕೊನೆಯಲ್ಲಿ ನಿಮ್ಮ ಬ್ರೇಕ್ ಆಯಿಲ್ ಕುದಿದು ಪೆಡಲು ನೆಲಕ್ಕೆ ಹೋಯಿತಂತೆ. ಕಾರು ಹುಲ್ಲು ದಾಟಿ ಟಯರಿನ ಗೋಡೆಗೆ ಒರಗಿ ನಿಂತಿತಂತೆ. ನೀವು ಬಹಳ ಹೊತ್ತು ಕೆಳಗೆ ಇಳಿಯಲಿಲ್ಲ, ಕೈ ನಡುಗುತ್ತಿತ್ತು, ಹೆಲ್ಮೆಟಿನ ಪಟ್ಟಿ ಬಿಚ್ಚಲೂ ಆಗಲಿಲ್ಲ, ದೀಪ್ತಿಯೇ ಬಿಚ್ಚಿದರು. ನನಗೆ ನೀವು ಹೇಳಿದ್ದು, ಪಾಲಕ್ಕಾಡಿನಲ್ಲಿ ಲಾರಿಯೊಂದು ಹಿಂದಕ್ಕೆ ಬರುವಾಗ ಬಂಪರಿಗೆ ತಾಗಿತು ಎಂದು.

ಆ ಫೋಟೋದ ನಗು ಅದಾದ ಮೇಲಿನದ್ದಂತೆ, ಬದುಕಿ ಉಳಿದವರ ನಗು. ನಾನು ಮೂರು ತಿಂಗಳು ಆ ನಗುವಿಗೆ ಹೊಟ್ಟೆಕಿಚ್ಚುಪಟ್ಟಿದ್ದೆ. ಅದು ಎಂಥದ್ದೂ ಅಲ್ಲ. ಈಗ ಇರುವುದು ನಿಜವಾದ ಹೊಟ್ಟೆಕಿಚ್ಚು. ನೀವು ಆಕೆಯೊಡನೆ ನಕ್ಕರೆ ನಗಿ. ನಿಮ್ಮ ನಡುಗುವ ಕೈಯನ್ನು ಆಕೆ ಕಂಡಿದ್ದಾಳೆ, ನಾನು ಕಂಡಿಲ್ಲ. ಅದು ನನ್ನ ಪಾಲಿನದ್ದು. ಇದನ್ನು ಬರೆಯುವಾಗಲೂ ಸಿಟ್ಟು ಬರುತ್ತಿದೆ. ಆಕೆಯ ಮೇಲೆ ಬರುವುದಿಲ್ಲ, ಅದೇ ಕಷ್ಟ. ಆಕೆಯ ಮೇಲೆ ಬಂದಿದ್ದರೆ ಮನೆಗೆ ಬಂದು ಮಲಗಿ ನಿದ್ದೆ ಮಾಡುತ್ತಿದ್ದೆ.

ಕಾರನ್ನು ಅಲ್ಲೇ ಉಗ್ಗಪ್ಪ ಎಂಬವರ ವರ್ಕ್‌ಶಾಪಿಗೆ ಒಯ್ದೆವು. ಬಿಚ್ಚಿದ ಡಿಸ್ಕಿನಲ್ಲಿ ನೀಲಿ ಕಲೆಗಳಿದ್ದವು, ಕಾವಲಿ ಸುಟ್ಟ ಹಾಗೆ. ಯಾವುದನ್ನು ಹಾಕಲಿ ಎಂದು ದೀಪ್ತಿ ನನ್ನನ್ನು ಕೇಳಿದರು. ನಿಮಗೆ ಫೋನ್ ಮಾಡಿ ಕೇಳೋಣವಾ ಎಂದೂ ಕೇಳಿದರು. ಬೇಡ ಎಂದೆ. ಸಾದಾ ಡಿಸ್ಕು, ನಡುವಿನ ಪ್ಯಾಡು, ಹೊಸ ಆಯಿಲ್. ನಾನೇ ಹೇಳಿದ್ದು.

ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಬೇಕಾದರೆ ವೇಗ ಹಿಡಿದು ಬ್ರೇಕ್ ಒತ್ತುವುದು, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಹಿಡಿಯುವುದು, ಹೀಗೆ ಹಲವು ಸಲ ಮಾಡಬೇಕಂತೆ. ಜನ ಇಲ್ಲದ ರಸ್ತೆಗೆ ಹೋದೆವು. ಮೊದಲು ಅವರು ಓಡಿಸಿದರು. ನಾನು ಅವರ ಕಾಲನ್ನೇ ನೋಡುತ್ತಿದ್ದೆ. ಕಾರು ತಲೆ ತಗ್ಗಿಸಿ ಅವರ ಮಾತು ಕೇಳುತ್ತಿತ್ತು. ನನ್ನ ಗಂಡನ ಮಾತೆಲ್ಲ ಇವಳಿಗೆ ಸಿಗುತ್ತದೆ ಎಂದು ಬೆಳಿಗ್ಗೆ ಉರಿದಿದ್ದವಳು, ಆ ಕಾಲು ನನಗೆ ಇಲ್ಲವಲ್ಲ ಎಂದು ಆಗ ಉರಿದೆ. ಆಮೇಲೆ ನನ್ನನ್ನು ಕೂರಿಸಿದರು. ಮೊದಲೆರಡು ಸಲ ಹೆದರಿ ಮೆಲ್ಲಗೆ ಒತ್ತಿದೆ. ‘ಇನ್ನೂ, ಇನ್ನೂ, ಅದು ಹಿಡೀತದೆ, ನಂಬಿ’ ಎಂದರು. ಒತ್ತಿದೆ. ಹಿಡಿಯಿತು. ಸ್ಟೇರಿಂಗ್ ಕಲ್ಲಿನಂತೆ ನಿಶ್ಚಲ. ಕಾರಿನೊಳಗೆಲ್ಲ ಸುಟ್ಟ ವಾಸನೆ, ಅದು ಇರಬೇಕಾದದ್ದೇ ಅಂತೆ. ‘ನಿಮ್ಮ ಕಾಲಿಗೆ ಅವಸರ ಇಲ್ಲ, ರಿಯಾಝ್ ತುಳೀತಾರೆ, ನೀವು ಒತ್ತುತ್ತೀರಿ’ ಎಂದರು. ನನಗೆ ಆದ ಸಂತೋಷವನ್ನು ನಾನು ತೋರಿಸಲಿಲ್ಲ. ಅಷ್ಟು ಬೇಗ ಒಲಿಯುವವಳು ನಾನಲ್ಲ.

ಬರುವಾಗ ಇಳಿಜಾರಿನಲ್ಲಿ ಉಮ್ಮ ನಿದ್ದೆ ಮಾಡಿದರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕೇ? ಮುಂದಿನ ಭಾನುವಾರ ದೀಪ್ತಿಯನ್ನೂ ಸುಬ್ಬಲಕ್ಷ್ಮಿಯಮ್ಮನನ್ನೂ ಉಮ್ಮ ನಮ್ಮಲ್ಲಿಗೆ ಕರೆದಿದ್ದಾರೆ. ಅವರು ಮೀನು ಮಾಂಸ ತಿನ್ನುವುದಿಲ್ಲ, ಏನು ಮಾಡಿ ಬಡಿಸುವುದೆಂದು ಉಮ್ಮನಿಗೆ ಅದೇ ಚಿಂತೆ. ಆಕೆ ಬರಲಿ. ನನ್ನ ಹೊಟ್ಟೆಕಿಚ್ಚು ಆರಿದೆ ಎಂದು ಮಾತ್ರ ನೀವು ತಿಳಿಯಬೇಡಿ. ಇನ್ನು ಮೇಲೆ ಬ್ರೇಕಿನ ವಿಷಯ ಮಾತಾಡುವುದಿದ್ದರೆ ನನ್ನೊಡನೆಯೂ ಮಾತಾಡಬಹುದು. ನನಗೆ ಅರ್ಥವಾಗುತ್ತದೆ.

ಉಮ್ಮ ನಿಮಗೆ ದುಆ ಹೇಳಿದ್ದಾರೆ. ಹಿಬಾ ಬಿದ್ದ ಹಲ್ಲನ್ನೇ ನಿಮಗೆ ಕಳಿಸಬೇಕೆಂದಳು, ನಾನು ಬಿಡಲಿಲ್ಲ. ವೇಳೆಗೆ ಸರಿಯಾಗಿ ಊಟ ಮಾಡಿ. ಅಲ್ಲಾಹು ನಿಮ್ಮನ್ನು ಕಾಯಲಿ.

ನಿಮ್ಮ
ನಸೀಬಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದು. ಈ ಶುಕ್ರವಾರ ನೀವು ಫೋನ್ ಮಾಡುವ ಹೊತ್ತಿಗೆ ಉಮ್ಮ ನೆರೆಮನೆಯಲ್ಲಿರುತ್ತಾರೆ, ಹಿಬಾ ಕೂಡ ಅಲ್ಲೇ. ಕೊಯಮತ್ತೂರಿನಲ್ಲಿ ಏನಾಯಿತೆಂದು ನೀವೇ ಹೇಳಿ, ಮೊದಲಿನಿಂದ. ನಾನು ಬೇರೆಯವರ ಬಾಯಿಂದ ಏನೂ ಕೇಳಿಲ್ಲದವಳ ಹಾಗೆ ಕೇಳುತ್ತೇನೆ.