ಹೊಸತೊಡಕಿನ ಡ್ಯೂಟಿ

ಕನಕಪುರ
೧೨-೯-೨೦೦೮, ಶುಕ್ರವಾರ

ಮಗ ಕೆಂಪರಾಜುಗೆ ನಿನ್ನಪ್ಪ ಹನುಮಂತಯ್ಯನ ಆಶೀರ್ವಾದ.

ನಾವಿಲ್ಲಿ ಕ್ಷೇಮ. ಪುಣೆಯಲ್ಲಿ ನಿನ್ನ ಟ್ರೈನಿಂಗು ಚೆನ್ನಾಗಿ ನಡೀತಾ ಐತೆ ಅಂತ ರಮ್ಯಾ ಹೇಳಿದ್ಲು. ಹೆಂಡ್ತಿಗೆ ಫೋನ್ ಮಾಡೋಕೆ ಪುರುಸೊತ್ತು ಐತೆ, ಅಪ್ಪನ ನಂಬರ್ ಕಂಡ ತಕ್ಷಣ ಕಟ್ ಮಾಡ್ತೀಯ. ಅದಕ್ಕೇ ಕಾಗದ ಬರೀತಾ ಇವ್ನಿ. ಇದನ್ನ ಕಟ್ ಮಾಡೋಕಾಗಲ್ಲ, ಬೇಕಾದ್ರೆ ಹರಿದು ಹಾಕು, ಆದ್ರೆ ಮೊದಲು ಓದು. ತಡ ಮಾಡ್ದೆ ಅಂತ ಬೇಜಾರಾಗಬೇಡ. ಬರೆಯೋಕೆ ಕೂತಾಗೆಲ್ಲ ಸಿಟ್ಟು ಬಂದು ಪೆನ್ನು ಪಕ್ಕಕ್ಕಿಟ್ಟೆ.

ನಿನ್ನ ಮಗಳು ಸಿರಿ ಎಲ್‌ಕೆಜಿಗೆ ಹೋಗ್ತಾ ಅವ್ಳೆ. ವ್ಯಾನು ಹತ್ತುವಾಗ ಬೀದಿಗೆಲ್ಲ ಕೇಳೋ ಹಂಗೆ ಕಿರುಚ್ತಾಳೆ, ವಾಪಸ್ ಬರೋವಾಗ ನಗ್ತಾ ಇಳೀತಾಳೆ. ನಿಮ್ಮವ್ವನ ಮಂಡಿನೋವು ಹಂಗೇ ಐತೆ. ಆದ್ರೂ ನೀನು ಲೀಡಿಂಗ್ ಫೈರ್‌ಮನ್ ಆಗಿ ಬಂದ ಮೇಲೆ ಕೆಂಗಲ್ ಆಂಜನೇಯನಿಗೆ ವಡೆ ಹಾರ ಹಾಕಿಸ್ತೀನಿ ಅಂತ ಹರಕೆ ಹೊತ್ತವ್ಳೆ. ಹಾರೋಹಳ್ಳಿ ಕಡೆ ಇನ್ನೂ ಹೊಸ ಶೆಡ್ಡುಗಳು ಎದ್ದವೆ. ಬೆಳಿಗ್ಗೆ ಬಸ್ಸಲ್ಲಿ ಕಾಲಿಡೋಕೆ ಜಾಗ ಇರಲ್ಲ, ಎಲ್ಲಾ ಫ್ಯಾಕ್ಟರಿಗೆ ಹೋಗೋ ಹೈಕಳು.

ಈಗ ವಿಷಯಕ್ಕೆ ಬತ್ತೀನಿ. ಫ್ಯಾಕ್ಟರಿ ಮಾಲೀಕರ ಸಂಘದೋರು ತಾವೇ ನಡೆಸೋ ನಿಮ್ಮ ಬೆಂಕಿ ದಳದೋರಿಗೆ ಪೆನ್ಷನ್ ಕೊಡ್ತೀವಿ ಅಂತ ಒಂದು ಸಮಿತಿ ಮಾಡವ್ರಲ್ಲ, ಅದರಲ್ಲಿ ನನ್ನನ್ನೂ ಕೂರಿಸಿರೋದು ನಿಂಗೆ ಗೊತ್ತು. ಸರ್ಕಾರಿ ಫೈರ್ ಸರ್ವೀಸಲ್ಲಿ ಜೀವ ಸವೆಸಿ ಪೆನ್ಷನ್ ತಗೊಳ್ತಾ ಇರೋನು, ಅನುಭವಸ್ಥ ಅಂತ ಕರೆದ್ರು. ನಾನೂ ಇಸ್ತ್ರಿ ಶರ್ಟು ಹಾಕ್ಕೊಂಡು ಹೋದೆ. ಹೋದ್ಮೇಲೆ ಗೊತ್ತಾಯ್ತು, ಬೆಂಕಿ ಆರಿಸೋದು ಸುಲಭ, ಈ ರೂಲ್ಸು ಬರೆಯೋರ ಮಧ್ಯ ಕೂರೋದು ಕಷ್ಟ.

ಒಬ್ಬ ಮಾಲೀಕ ಕೇಳ್ತಾನೆ, "ವರ್ಷವೆಲ್ಲ ಬೆಂಕಿ ಬೀಳ್ದೇ ಇದ್ರೆ ಇವ್ರು ಸುಮ್ನೆ ಕೂತಿರ್ತಾರೆ, ಕೂತಿದ್ದಕ್ಕೆ ಪೆನ್ಷನ್ ಯಾಕ್ರೀ?" ನಂಗೆ ಮೈಯೆಲ್ಲ ಉರಿದೋಯ್ತು. "ಸ್ವಾಮಿ, ನಿಮ್ ವಾಚ್‌ಮನ್ ಸಂಬಳಾನ ಕಳ್ಳ ಬರಲಿಲ್ಲ ಅಂತ ಹಿಡೀತೀರಾ?" ಅಂದೆ. ಇನ್ನೊಬ್ಬ, ಅರವತ್ತು ತುಂಬೋವರೆಗೂ ಕೆಲಸ ಮಾಡಲಿ ಅಂದ. ನಾನು ಒಂದು ಲೋಟ ನೀರು ಕುಡಿದು, "ಹೊಗೆ ಕುಡಿದ ಶ್ವಾಸಕೋಶ ನಿಮ್ ಕ್ಯಾಲೆಂಡರ್ ನೋಡಲ್ಲ" ಅಂದೆ. ಕೊನೆಗೆ ಐವತ್ತೈದಕ್ಕೆ ಒಪ್ಪಿದ್ರು. ಸಂಘದ ಸೆಕ್ರೆಟರಿ ಸಿದ್ಧಾರ್ಥ ಅಂತ ಹುಡುಗ ಅವ್ನಲ್ಲ, ಬೆಂಗಳೂರಿಂದ ಬತ್ತಾನೆ, ಅವ್ನು ಕೆಟ್ಟವನಲ್ಲ. ಎಲ್ಲಾನೂ ಸಮಾಧಾನವಾಗಿ ಕೇಳಿ ಬರ್ಕೊಳ್ತಾನೆ. ಅವನಿಂದಾನೇ ಈ ವರ್ಷದ ಮೊದಲಿಂದ ಪ್ರಾಣ ಕಳ್ಕೊಂಡೋರ ಮನೆಯೋರಿಗೂ ಪೆನ್ಷನ್ ಅನ್ವಯ ಆಗ್ಬೇಕು ಅನ್ನೋ ಮಾತು ಸೇರ್ತು. ಈ ವರ್ಷ ಪ್ರಾಣ ಕಳ್ಕೊಂಡೋನು ಒಬ್ಬನೇ. ನಿನ್ನ ಸ್ನೇಹಿತ ತಾಜ್ ಪಾಷಾ.

ಅವನ ಹೆಂಡ್ತಿ ಮುನ್ನೀಗೆ ಆ ಪೆನ್ಷನ್ ಸಿಗ್ಬೇಕಾದ್ರೆ ಒಂದೇ ಒಂದು ಷರತ್ತು. ಪಾಷಾ ಡ್ಯೂಟಿ ಮೇಲಿದ್ದಾಗ ಸತ್ತಿರ್ಬೇಕು. ಆದ್ರೆ ಅವತ್ತಿನ ಹಾಜರಿಯಲ್ಲಿ ಪಾಷಾನ ಹೆಸರಿಲ್ಲ, ನಿನ್ನ ಹೆಸರೈತೆ.

ಅದ್ಯಾಕೆ ಅಂತ ನಿಂಗೆ ನಾನು ಹೇಳಿಕೊಡ್ಬೇಕೇನ್ಲಾ? ನಿಮ್ ದಳದಲ್ಲಿ ಎಲ್ರೂ ಮಾಡೋದೇ ಅದು, ಕೈಬದಲು. ರಂಜಾನು, ಬಕ್ರೀದು ಬಂದ್ರೆ ಪಾಷಾನ ಡ್ಯೂಟಿ ನೀನು ಮಾಡ್ತಿದ್ದೆ. ಯುಗಾದಿ, ಅದರ ಮಾರನೇ ದಿನದ ಹೊಸತೊಡಕು ಬಂದ್ರೆ ನಿನ್ನ ಡ್ಯೂಟಿ ಅವ್ನು ಮಾಡ್ತಿದ್ದ. ಚೀಟಿ ಇಲ್ಲ, ಅರ್ಜಿ ಇಲ್ಲ, ಬಾಯಿಮಾತು. ಒಬ್ಬನ ಕೋಟು ಇನ್ನೊಬ್ಬ ಹಾಕ್ಕೊಂಡು, ಹಾಜರಿ ಕೂಗಿದಾಗ ಅವನ ನಂಬರಿಗೆ ಇವನು "ಹಾಜರ್" ಅನ್ನೋದು. ನಾನು ಅದನ್ನ ತಪ್ಪು ಅನ್ನಲ್ಲ. ಹಬ್ಬದ ದಿನ ಹೆಂಡ್ತಿ ಮಕ್ಕಳ ಜೊತೆ ಕೂತು ಉಣ್ಣಲಿ ಅಂತ ಒಬ್ಬನಿಗೊಬ್ಬ ಆಗಿದ್ದೋರು ನೀವು. ನಿಮ್ ಸ್ಟೇಷನ್ ಇನ್‌ಚಾರ್ಜ್ ಗಂಗಹನುಮಯ್ಯನಿಗೂ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದೋನ ಹಂಗೆ ಇದ್ದ.

ಹೊಸತೊಡಕಿನ ದಿನ ನೀನು ಕುದೂರಲ್ಲಿ ಅತ್ತೆ ಮನೇಲಿ ಬಾಡೂಟ ಉಂಡು, ಫೋನ್ ಆಫ್ ಮಾಡಿ ಇಸ್ಪೀಟು ಎಲೆ ಹಾಕ್ತಾ ಕೂತಿದ್ದೆ. ಇಲ್ಲಿ ಫೋಮ್ ಹಾಸಿಗೆ ಮಾಡೋ ಫ್ಯಾಕ್ಟರಿಗೆ ಬೆಂಕಿ ಬಿತ್ತು. ಪಾಷಾ ನಿನ್ನ ಕೋಟು ಹಾಕ್ಕೊಂಡು ಒಳಗೆ ಹೋಗಿ ಕೆಲಸದೋರನ್ನ ಈಚೆಗೆ ತಂದ. ಇನ್ನೊಬ್ಳು ಹೆಂಗಸು ಒಳಗೆ ಅವ್ಳೆ ಅಂತ ಯಾರೋ ಕೂಗಿದ್ರು ಅಂತ ತಿರ್ಗಾ ನುಗ್ಗಿದ. ಚಾವಣಿ ಶೀಟು ಕುಸಿದು ಮೈಮೇಲೆ ಬಿತ್ತು. ಅಷ್ಟೇ.

ವಿಚಾರಣೆಯಲ್ಲಿ ನೀನು ಏನು ಹೇಳ್ದೆ? "ಡ್ಯೂಟೀಲಿ ನಾನೇ ಇದ್ದೆ. ಪಾಷಾ ಸುಮ್ನೆ ಮಾತಾಡೋಕೆ ಅಂತ ಸ್ಟೇಷನ್‌ಗೆ ಬಂದಿದ್ದ. ಗಾಡಿ ಹೊರಟಾಗ ತಾನೂ ಹತ್ಕೊಂಡ, ನನ್ನ ಕೋಟು ಕಿತ್ಕೊಂಡು ಹಾಕ್ಕೊಂಡ." ಗಂಗಹನುಮಯ್ಯ ತನ್ನ ಕೆಲಸ ಉಳಿಸ್ಕೊಳ್ಳೋಕೆ ಹೌದೌದು ಅಂದ. ಮಿಕ್ಕೋರು ಬಾಯಿಗೆ ಬೀಗ ಹಾಕ್ಕೊಂಡ್ರು, ಕೈಬದಲು ಮಾಡದೋನು ಅಲ್ಲಿ ಯಾವನೂ ಇಲ್ವಲ್ಲ! ಥೂ ನಿನ್ನ. ಮನೆ ಉರೀವಾಗ ಗಳ ಹಿರಿಯೋದು ಅಂತ ಗಾದೆ ಕೇಳಿದ್ದೆ, ಬೆಂಕಿ ಆರಿಸೋನೇ ಗಳ ಹಿರಿದದ್ದು ಈಗ ಕಂಡೆ. ಅದರ ಮೇಲೆ ನಿಂಗೆ ಶಹಬ್ಬಾಸ್‌ಗಿರಿ ಬೇರೆ, ಬೆಂಕಿ ಮುಂದೆ ಧೈರ್ಯವಾಗಿ ನಿಂತ ಅಂತ. ಬಡ್ತಿ, ಪುಣೆ ಟ್ರೈನಿಂಗು. ಅಲ್ಲಿ ಊಟ ಗಂಟಲಲ್ಲಿ ಇಳೀತದೇನ್ಲಾ?

ನಿಂಗೆ ಹೆದರಿಕೆ ಇತ್ತು, ನಂಗೆ ಅರ್ಥ ಆಗ್ತದೆ. ನಿಜ ಹೇಳಿದ್ರೆ ಕೆಲಸ ಹೋಯ್ತದೆ, ಮಗಳು ಚಿಕ್ಕವಳು. ಅದು ಗೊತ್ತಿದ್ದೇ ಇಷ್ಟು ದಿನ ಮನೇಲಿ ಗೊಣಗಿಕೊಂಡು ಇದ್ದೆ, ನೀನೇ ಸರಿ ಮಾಡ್ತೀಯ ಅಂತ ಕಾದೆ. ಕಳೆದ ವಾರದ ಮೀಟಿಂಗ್ ಆದ್ಮೇಲೆ ಕಾಯೋಕೆ ನನ್ ಕೈಲಿ ಆಗ್ತಾ ಇಲ್ಲ.

ಕರಡಲ್ಲಿ "ಹಾಜರಿಯಲ್ಲಿ ಹೆಸರಿರುವ ನೌಕರ" ಅಂತ ಇತ್ತು. ನಾನು ಎದ್ದು ನಿಂತು, ಅದನ್ನ ಹೊಡೆದು ಹಾಕಿ, "ಬೆಂಕಿಯ ಮುಂದೆ ನಿಂತಿದ್ದ ನೌಕರ" ಅಂತ ಬರೀರಿ ಅಂದೆ. ಬೆಂಕಿ ಹಾಜರಿ ನೋಡಿ ಸುಡ್ತದಾ, ಎದುರಿಗೆ ಇದ್ದೋನನ್ನ ಸುಡ್ತದಾ ಅಂತ ಮೇಜು ಗುದ್ದಿ ಕೇಳ್ದೆ. ಟೀ ಲೋಟ ಉರುಳಿ, ಕೂತಿದ್ದಕ್ಕೆ ಪೆನ್ಷನ್ ಯಾಕೆ ಅಂದಿದ್ದ ಮಾಲೀಕನ ಪ್ಯಾಂಟ್ ಮೇಲೆ ಚೆಲ್ತು. ಬಿಡು, ಒಸಿ ಬಿಸಿ ತಾಗಲಿ ಅವನಿಗೂ.

ಸಿದ್ಧಾರ್ಥ ಹೇಳ್ದ, "ಸರ್, ನೀವು ಹೇಳೋದು ನನಗೆ ಒಪ್ಪಿಗೆ. ಆದರೆ ಹಾಗೆ ಬರೆದರೆ ನಾಳೆ ಯಾರು ಬೇಕಾದರೂ ಗಾಡಿ ಹತ್ತಿಕೊಂಡು ಬಂದು ನಾನೂ ನೌಕರನೇ ಅನ್ನಬಹುದು. ಒಬ್ಬರ ಬದಲು ಇನ್ನೊಬ್ಬರು ಡ್ಯೂಟಿ ಮಾಡಿದ್ದರೆ, ಯಾರ ಬದಲು ಮಾಡಿದರೋ ಅವರು ಬಂದು ಹೌದು ಅಂತ ಹೇಳಲಿ. ಅಷ್ಟಿದ್ದರೆ ಸಾಕು, ಪಾಷಾ ಅವರ ಕುಟುಂಬಕ್ಕೆ ನಾನೇ ಮುಂದೆ ನಿಂತು ಕೊಡಿಸ್ತೀನಿ." ನ್ಯಾಯವಾದ ಮಾತು. ಎಲ್ರೂ ಒಪ್ಪಿದ್ರು. ನಾನೂ ಒಪ್ಪಿ ಕೂತೆ.

ಕೂತ ಮೇಲೆ ಅದೇ ಮಾಲೀಕ ನಕ್ಕೊಂಡು, "ಆಯಪ್ಪ ಡ್ಯೂಟೀಲೇ ಇರಲಿಲ್ವಂತಲ್ರೀ, ಕೆಂಪರಾಜೇ ಹೇಳವ್ನಲ್ಲ. ತಮಾಷೆ ನೋಡೋಕೆ ಬಂದು ಸತ್ತೋನಿಗೆಲ್ಲ ಪೆನ್ಷನ್ ಕೊಡೋಕಾಗುತ್ತಾ?" ಅಂದ. ಎಲ್ರೂ ನನ್ನ ಮುಖ ನೋಡಿದ್ರು. ಕೆಂಪರಾಜು ನನ್ನ ಮಗ ಅಂತ ಅಲ್ಲಿ ಎಲ್ರಿಗೂ ಗೊತ್ತು. ತಮಾಷೆ ನೋಡೋಕೆ! ಸತ್ತ ಪಾಷಾನಿಗೆ ಈ ಹೆಸರು ಕೊಟ್ಟೋನು ನೀನು ಕಣ್ಲಾ.

ಮುನ್ನೀ ಈಗ ರೇಷ್ಮೆ ನೂಲು ಬಿಚ್ಚೋ ಕಡೆ ಹೋಗ್ತಾ ಅವ್ಳೆ. ಕುದಿಯೋ ನೀರಲ್ಲಿ ಗೂಡು ಅದ್ದಿ ಅದ್ದಿ ಬೆರಳೆಲ್ಲ ಬೆಳ್ಳಗೆ ಸುಲಿದೋಗವೆ. ಈಗ ರಂಜಾನ್ ತಿಂಗಳು, ರೋಜಾ ಉಪವಾಸ ಹಿಡ್ಕೊಂಡೇ ದಿನವೆಲ್ಲ ಆವಿಯಲ್ಲಿ ನಿಲ್ತಾಳೆ. ಮೊನ್ನೆ ಸಂತೆಯಲ್ಲಿ ಸಿಕ್ಕಿದ್ಲು. ನಾನೇ ಬಾಯಿಬಿಟ್ಟು, "ಮಗಾ, ನಿನ್ ಪೆನ್ಷನ್ನಿಗೆ ನಾನು ಗುದ್ದಾಡ್ತಾ ಇವ್ನಿ" ಅಂದೆ. "ಪೆನ್ಷನ್ ಬಂದ್ರೆ ಬರಲಿ, ಬರ್ದಿದ್ರೆ ಬಿಡಲಿ ಅಪ್ಪಾಜಿ. ನಮ್ಮವರು ಇನ್ನೊಬ್ರ ಕೋಟು ಕಿತ್ಕೊಂಡು ಹಾಕ್ಕೊಂಡಿದ್ರು ಅಂತವ್ರಲ್ಲ, ಅದು ಮಾತ್ರ ಹೋಗ್ಬೇಕು. ನನ್ ಮಕ್ಕಳು ದೊಡ್ಡೋರಾದ್ಮೇಲೆ ಏನಂತ ಹೇಳ್ಲಿ?" ಅಂದ್ಲು. ಯಾರ ಬದಲು ಹೋಗಿದ್ದ ಅಂತ ಅವಳಿಗೆ ಚೆನ್ನಾಗಿ ಗೊತ್ತು. ನಿನ್ನ ಹೆಸರು ಎತ್ತಲಿಲ್ಲ. ಸಿರಿ ಹೆಂಗವ್ಳೆ ಅಂತ ಕೇಳಿ ಹೊರಟೋದ್ಲು.

ಮನೇಲಿ ನಿಮ್ಮವ್ವಂಗೂ ನಂಗೂ ದಿನಾ ಜಗಳ. "ಮಗನ ಅನ್ನಕ್ಕೆ ಕಲ್ಲು ಹಾಕ್ಬೇಡಿ, ನಿಮ್ಗೆ ಕೈ ಮುಗೀತೀನಿ" ಅಂತಾಳೆ. "ನಾನು ಹಾಕ್ತಾ ಇರೋದು ಕಲ್ಲಲ್ಲ ಕಣೇ ಕೆಂಚಮ್ಮ, ಅವ್ನು ಉಣ್ತಾ ಇರೋದೇ ಇನ್ನೊಬ್ರ ಅನ್ನ" ಅಂತೀನಿ. ಅವಳು ಒಲೆ ಮುಂದೆ ಕೂತು ಅಳ್ತಾಳೆ, ನಾನು ಜಗಲಿ ಮೇಲೆ ಕೂತು ಬೈಕೊಳ್ತೀನಿ. ಎರಡು ದಿನದಿಂದ ಊಟ ಬಡಿಸಿ ತಟ್ಟೆ ಕುಕ್ಕಿ ಹೋಗ್ತಾಳೆ.

ಇದೇ ತಿಂಗಳು ೨೨ನೇ ತಾರೀಕು ಸೋಮವಾರ ಕೊನೇ ಮೀಟಿಂಗು. ಅವತ್ತು ರೂಲ್ಸು ಸಹಿ ಆಗ್ತವೆ. ನೀನು ರಜ ಹಾಕಿ ಬಾ. ಬಂದು ಆ ಮೇಜಿನ ಮುಂದೆ ನಿಂತು, "ಅವತ್ತು ನಾನು ಕುದೂರಲ್ಲಿದ್ದೆ, ನನ್ನ ಬದಲು ಪಾಷಾ ಡ್ಯೂಟಿ ಮಾಡ್ದ" ಅಂತ ಹೇಳು. ಕೆಲಸ ಹೋದ್ರೂ ಹೋಗಲಿ. ನಂಗೆ ಪೆನ್ಷನ್ ಬತ್ತದೆ, ರಾಗಿ ಐತೆ, ಹಸಿವು ಅಂತ ಯಾರೂ ಸಾಯಲ್ಲ. ಕೈಕಾಲು ಗಟ್ಟಿ ಐತೆ, ಹಾರೋಹಳ್ಳಿಯಲ್ಲಿ ಇನ್ನೊಂದು ಕಡೆ ಕೆಲಸ ಹುಡುಕ್ಕೋ.

ನೀನು ಬರ್ಲಿಲ್ಲ ಅಂದ್ರೆ ನಾನೇ ಎದ್ದು ನಿಂತು ಹೇಳ್ತೀನಿ. ನೀನು ಹೇಳಿದ್ರೆ ಮಗ ತಪ್ಪು ಒಪ್ಕೊಂಡ ಅಂತಾರೆ. ನಾನು ಹೇಳಿದ್ರೆ ಅಪ್ಪ ಮಗನ್ನ ಹಿಡಿದುಕೊಟ್ಟ ಅಂತಾರೆ. ಅನ್ನಲಿ. ನಾನು ಕೂತು ಬರೆಸಿದ ರೂಲು ಅದು, ಅದಕ್ಕೆ ಮೊದಲು ನನ್ನ ಮನೆಯೋನೇ ತಲೆಬಾಗಲಿ.

ಮೈ ನೋಡ್ಕೋ. ಅಲ್ಲಿ ಮಳೆ ಜಾಸ್ತಿಯಂತೆ, ತಲೆ ನೆನೆಸ್ಕೋಬೇಡ. ಬೈದೆ ಅಂತ ಊಟ ಬಿಡಬೇಡ, ಉಂಡು ಗಟ್ಟಿಯಾಗಿ ಬಂದು ನಿಜ ಹೇಳು. ಕೆಂಗಲ್ ಆಂಜನೇಯ ನಿಂಗೆ ಆ ಎದೆಗಾರಿಕೆ ಕೊಡಲಿ, ನಿನ್ನನ್ನೂ ನಿನ್ನ ಹೆಂಡ್ತಿ ಮಗಳನ್ನೂ ಚೆನ್ನಾಗಿಟ್ಟಿರಲಿ.

ಇಂತಿ ನಿನ್ನಪ್ಪ,
ಹನುಮಂತಯ್ಯ

ಮರೆತ ಮಾತು: ಮೇಲಿನದ್ದನ್ನ ಬರೆದು, ನಿಮ್ಮವ್ವನ್ನ ಕರೆದು ಪೂರ್ತಿ ಓದಿ ಹೇಳ್ದೆ. ಕಿತ್ತು ಒಲೆಗೆ ಹಾಕ್ತಾಳೆ ಅಂದ್ಕೊಂಡಿದ್ದೆ. ಅವಳು ಸೆರಗಲ್ಲಿ ಮುಖ ಒರೆಸ್ಕೊಂಡು, "ಆಸ್ಪತ್ರೆ ವಿಷಯ ಯಾಕೆ ಬರೀಲಿಲ್ಲ? ಅದನ್ನೂ ಬರೀರಿ" ಅಂದ್ಲು. ಅದನ್ನ ನಿಂಗೆ ಯಾವತ್ತೂ ಹೇಳ್ಬಾರದು ಅಂತ ನನ್ನಿಂದ ಆಣೆ ಮಾಡಿಸ್ಕೊಂಡಿದ್ದೋಳೂ ಅವಳೇ.

ಹೊಸತೊಡಕಿನ ದಿನ ಕೋಟಿನ ನಂಬರ್ ನೋಡಿ ನಮ್ಮನೆಗೆ ಫೋನ್ ಬಂತು, ಕೆಂಪರಾಜು ಹೋಗ್ಬುಟ್ಟ ಅಂತ. ನೀನು ಕುದೂರಿಗೆ ಹೋಗಿದ್ದು ನಮಗೆ ಗೊತ್ತೇ ಇರಲಿಲ್ಲ, ಡ್ಯೂಟಿ ಅಂತಲೇ ಹೇಳಿ ಹೋಗಿದ್ದೆ. ನಿನ್ನ ಫೋನೂ ಆಫು. ನಾವಿಬ್ರೂ ಆಟೋದಲ್ಲಿ ಬಿದ್ದೂ ಎದ್ದೂ ಹೋದ್ವಿ. ಒಳಗೆ ಬಿಡಲಿಲ್ಲ. ನಿಮ್ಮವ್ವ ಆಸ್ಪತ್ರೆ ನೆಲದ ಮೇಲೆ ಉರುಳಾಡಿ ಎದೆ ಬಡ್ಕೊಳ್ತಾ ಇದ್ಲು. ಅಷ್ಟೊತ್ತಿಗೆ ಮುನ್ನೀ ಬಂದ್ಲು. ಅಲ್ಲಿದ್ದೋರು ಅವಳಿಗೆ, "ನೀನ್ಯಾಕಮ್ಮ ಗಾಬರಿ ಆಗ್ತೀಯ, ನಿನ್ ಗಂಡನ ಹೆಸರೇ ಇಲ್ಲ, ಸತ್ತೋನು ಕೆಂಪರಾಜು" ಅಂದ್ರು. ಯಾರ ಕೋಟು ಯಾರ ಮೈಮೇಲೆ ಐತೆ ಅಂತ ಅಲ್ಲಿ ಗೊತ್ತಿದ್ದೋಳು ಅವಳೊಬ್ಳೇ. ಅವಳು ಕಿರುಚಲಿಲ್ಲ ಕಣೋ. ಬಂದು ನಿಮ್ಮವ್ವನ ಪಕ್ಕ ನೆಲದ ಮೇಲೆ ಕೂತು, ಎದೆ ಬಡ್ಕೊಳ್ತಿದ್ದ ಕೈ ಹಿಡ್ಕೊಂಡು, "ಅಳ್ಬೇಡಿ ಅಮ್ಮಾ. ನಿಮ್ ಮಗ ಚೆನ್ನಾಗವ್ರೆ, ಕುದೂರಲ್ಲಿ ಅವ್ರೆ. ಒಳಗಿರೋದು ನಮ್ಮವರು" ಅಂದ್ಲು.

ನಿಮ್ಮವ್ವ ಅವಳ ಕೈ ಬಿಡಿಸ್ಕೊಂಡು ಎದ್ದು ನಿಂತು, ನನ್ ಮಗ ಬದುಕವ್ನೆ, ನನ್ ಮಗ ಬದುಕವ್ನೆ ಅಂತ ಎಲ್ರಿಗೂ ಹೇಳ್ಕೊಂಡು ಓಡಾಡಿದ್ಲು. ಮುನ್ನೀ ಆ ನೆಲದ ಮೇಲೆ ಒಬ್ಳೇ ಕೂತಿದ್ಲು.

ಇದನ್ನ ಬರೆದು ಮುಗಿಸೋವರೆಗೂ ನಿಮ್ಮವ್ವ ಪಕ್ಕದಲ್ಲೇ ಕೂತಿದ್ಲು. ಈಗ ಎದ್ದು ಹೋಗ್ತಾ ಹೇಳಿದ್ಲು, "ಅವ್ನು ಬಂದ್ರೂ ಸರಿ, ಬರ್ದಿದ್ರೂ ಸರಿ, ಸೋಮವಾರದ ಮೀಟಿಂಗಿಗೆ ನಿಮ್ ಜೊತೆ ನಾನೂ ಬತ್ತೀನಿ."