ಅಕ್ಕನಿಗೆ ನಿಲುಕುವ ಬೋರ್ಡು

ಗೊಬ್ಬೂರ, ತಾ. ಅಫಜಲಪುರ
ಬುಧವಾರ, 12-2-1992

ಪ್ರೀತಿಯ ಕಸ್ತೂರಿ ಅಕ್ಕನಿಗೆ, ನಿನ್ನ ನೆಗೆಣ್ಣಿ ಸುಭದ್ರಾ ಮಾಡುವ ಶರಣಾರ್ಥಿ.

ನಿನ್ನ ಮೈ ಹೇಗಿದೆ? ಸೊಂಟನೋವು ಇಳಿಯಿತೇ? ಕೂಸಿನ ಹೊಕ್ಕುಳು ಒಣಗಿತೇ, ರಾತ್ರಿ ಮಲಗುತ್ತದೆಯೇ? ಭಾವನವರು ಜೇವರ್ಗಿಯ ದಾಲ್ ಮಿಲ್ಲಿನಿಂದ ರಜೆ ಹಾಕಿ ನಿನ್ನನ್ನು ನೋಡಲು ಬಂದಿದ್ದರೇ? ಆಳಂದದಲ್ಲಿ ಇನ್ನೂ ಥಂಡಿ ಇದೆಯಂತೆ, ಕಿವಿಗೆ ಅರಿವೆ ಕಟ್ಟಿಕೊ. ತವರಿನವರು ನೋಡಿಕೊಳ್ಳುತ್ತಾರೆ, ಗೊತ್ತು. ಆದರೂ ಹೇಳದೆ ಇರಲು ನನ್ನಿಂದ ಆಗುವುದಿಲ್ಲ. ಐದನೆಯ ತಿಂಗಳಿಗೆ ಕೂಸನ್ನು ಎತ್ತಿಕೊಂಡು ನೀನು ನಮ್ಮಿಬ್ಬರ ಈ ಅತ್ತೆಮನೆಗೇ ಬರುತ್ತೀಯಲ್ಲ? ಅದೊಂದನ್ನು ಮೊದಲು ಬರೆ.

ಅಡಿಗೆಮನೆಯ ಕೆಲಸ ಮುಗಿಯಿತು. ನೀನು ಬಯಸಿದಂತೆ ನಿಂತು ಅಡಿಗೆ ಮಾಡುವ ಕಟ್ಟೆ, ಮೇಲೆ ಶಹಾಬಾದ ಕಲ್ಲು. ಕಟ್ಟೆ ಆದ ಮೇಲೆ ವೈರಮನ್ ಪೀರಸಾಬ ಬಂದ. ಮಿಕ್ಸರ್ ಹಚ್ಚಿದರೆ ಪಡಸಾಲೆಯ ಬಲ್ಬು ಮಂಕಾಗುತ್ತಿತ್ತಲ್ಲ, ಅದನ್ನು ಹೇಳಿದೆ. ಅವನು ಬಾಗಿಲ ಹಿಂದಿನ ಹಳೆಯ ಬೋರ್ಡಿನ ಫ್ಯೂಜು ಕಿತ್ತು ನೋಡಿ ತಲೆ ಹಿಡಿದುಕೊಂಡ. ಪದೇ ಪದೇ ಹೋಗುತ್ತದೆಂದು ಮಾವನವರು ದಪ್ಪ ತಂತಿ ಸುತ್ತಿಟ್ಟಿದ್ದರು. "ಯಜಮಾನ್ರ, ಇದು ಫ್ಯೂಜಿನ ತಂತಿ ಅಲ್ರಿ, ಹೊಲದ ಬೇಲಿ ತಂತಿ! ಇದು ಸುಡೂದಿಲ್ಲ, ಮನೀನೇ ಸುಡ್ತದ" ಅಂದ. ಮಾವನವರು ಬಿಡುತ್ತಾರೆಯೇ? "ಇಷ್ಟ್ ವರ್ಷ ಸುಟ್ಟಿಲ್ಲ, ನೀ ಬಂದ ಮ್ಯಾಲ ಸುಡ್ತದೇನಲೇ?" ಎಂದು ರೇಗಿದರು.

ಆ ದಿನ ನನಗೆ ಊಟ ಸೇರಲಿಲ್ಲ ಅಕ್ಕಾ. ನಾವಿಬ್ಬರೂ ಒದ್ದೆ ಕೈಯಲ್ಲಿ ಅದೇ ಬೋರ್ಡು ಮುಟ್ಟುತ್ತಿದ್ದೆವಲ್ಲ! ಕಡೆಗೆ ನನ್ನ ಕಾಟ ತಾಳಲಾರದೆ ಮಾವನವರು ಒಪ್ಪಿದರು. ಈಗ ಅಡಿಗೆಮನೆಗೆ ಮೀಟರಿನ ಹತ್ತಿರದಿಂದಲೇ ಬೇರೆ ಲೈನು. ಮಿಕ್ಸರಿಗೂ ಹೀಟರಿಗೂ ದಪ್ಪ ವೈರು, ದೀಪಕ್ಕೆ ಬೇರೆ. ಫ್ಯೂಜಿನ ಬದಲು ಕಲಬುರ್ಗಿಯಿಂದ ತಂದ ಹೊಸ ಸ್ವಿಚ್ಚು. ಲೋಡು ಹೆಚ್ಚಾದರೆ ಅದರ ಹಿಡಿ ತಾನೇ ಟಪ್ಪೆಂದು ಕೆಳಗೆ ಬಿದ್ದು ಕರೆಂಟು ನಿಲ್ಲುತ್ತದೆ. ಬಚ್ಚಲ ಹಿಂದೆ ತಗ್ಗು ತೋಡಿ, ಇದ್ದಲಿ ಉಪ್ಪು ತುಂಬಿ ಅರ್ಥಿಂಗ್ ಕೊಟ್ಟಿದ್ದಾನೆ. ಆ ತಗ್ಗು ಒಣಗಬಾರದಂತೆ, ಅದಕ್ಕೆ ದಿನಾ ನೀರು ಹಾಕುತ್ತೇನೆ. ಬಾಜು ಮನೆಯ ಪ್ಯಾರಿಬಿ ಗೋಡೆಯ ಮೇಲಿಂದ ಇಣುಕಿ, "ಉಪ್ಪಿನ ಗಿಡ ಹಚ್ಚೀಯೇನಬೇ? ಕಾಯಿ ಬಿಟ್ರ ನನಗೂ ಎರಡು ಕೊಡು" ಎಂದು ನಗುತ್ತಾಳೆ.

ಬೋರ್ಡು ಎಲ್ಲಿ ಕೂಡಿಸಲಿ ಎಂದು ಪೀರಸಾಬ ಕೇಳಿದಾಗ ನನಗೆ ಕೂಸಿನದೇ ಚಿಂತೆ. ನಾಳೆ ಅಂಬೆಗಾಲಿಡುತ್ತದೆ, ಕಟ್ಟೆ ಹತ್ತುತ್ತದೆ, ಪ್ಲಗ್ಗಿನ ತೂತಿಗೆ ಬೆರಳಿಡುತ್ತದೆ. ಇನ್ನೂ ಮೇಲೆ, ಇನ್ನೂ ಮೇಲೆ ಎನ್ನುತ್ತಾ ಹೋದೆ. "ಇಷ್ಟ್ ಮ್ಯಾಲ ಯಾರಿಗಿ ನಿಲುಕ್ತದ್ರಿ ಅವ್ವಾ?" ಅಂದ. "ನಮ್ಮಕ್ಕಗ ನಿಲುಕ್ತದ, ನೀ ಹೊಡಿ ಮೊಳಿ" ಅಂದೆ. ಹೊಡೆದು ಹೋದ. ಈಗ ನನಗೆ ನಿಲುಕುವುದಿಲ್ಲ. ಮಣೆ ಹತ್ತಿ, ಕಟ್ಟಿಗೆಯ ಸೌಟಿನ ತುದಿಯಿಂದ ಒತ್ತುತ್ತೇನೆ. "ಅಡಿಗಿ ಮಾಡಾಕತ್ತಿಯೋ ಸರ್ಕಸ್ ಮಾಡಾಕತ್ತಿಯೋ?" ಎನ್ನುತ್ತಾರೆ ನಮ್ಮ ಮನೆಯವರು. ಗಂಡಸರು ನಕ್ಕು, ಉಂಡು, ಹೊರಗೆ ಹೋಗುತ್ತಾರೆ. ಆಮೇಲೆ ಮಾತಿಲ್ಲ. ರೊಟ್ಟಿ ಬಡಿಯುವಾಗ ನನ್ನ ಸಪ್ಪಳ ನನಗೇ ದೊಡ್ಡದಾಗಿ ಕೇಳಿಸುತ್ತದೆ. ಇಬ್ಬರು ನಿಲ್ಲಲೆಂದು ಉದ್ದ ಮಾಡಿಸಿದ ಕಟ್ಟೆ. ನಿನ್ನ ಕಡೆಯ ತುದಿಗೆ ಒಂದು ಹಿಟ್ಟಿನ ಕಣವೂ ಬೀಳುವುದಿಲ್ಲ. ಆದರೂ ದಿನಾ ಒರೆಸುತ್ತೇನೆ.

ಮೂರನೆಯ ಇಯತ್ತೆಗೇ ಶಾಲೆ ಬಿಟ್ಟವಳ ಅಕ್ಷರ, ಕೂಡಿಸಿಕೊಂಡು ಓದು. ನಿನ್ನ ಅವ್ವ ಅಪ್ಪನವರಿಗೆ ನನ್ನ ಶರಣು ಹೇಳು. ಕೂಸಿನ ಅಂಗಾಲಿಗೆ ನನ್ನದೊಂದು ಮುತ್ತು.

ನಿನ್ನ
ಸುಭದ್ರಾ

ತಾ.ಕ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ. ಭಾವನವರು ಜೇವರ್ಗಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದಾರೆ, ನಿನ್ನನ್ನೂ ಕೂಸನ್ನೂ ಆಳಂದದಿಂದ ನೇರ ಅಲ್ಲಿಗೇ ಒಯ್ಯುತ್ತಾರೆ ಎಂದು ನಿನ್ನೆ ನಮ್ಮ ಮನೆಯವರ ಬಾಯಿಂದ ಬಂತು. ಸುಳ್ಳಾದರೆ ಇಂದೇ ಬರೆ. ಖರೇ ಇದ್ದರೆ, ಕೂಸನ್ನು ಆ ಅಡಿಗೆಮನೆಯ ನೆಲಕ್ಕೆ ಇಳಿಸುವ ಮೊದಲು ವೈರಿಂಗ್ ನೋಡಿಸಬೇಕು. ಬಾಡಿಗೆ ಮನೆಯಲ್ಲಿ ಯಾರು ಏನು ಸುತ್ತಿಟ್ಟಿರುತ್ತಾರೋ. ಪೀರಸಾಬನನ್ನು ಕರೆದುಕೊಂಡು ಬರಲು ನಮ್ಮ ಮನೆಯವರು ಒಪ್ಪಿದ್ದಾರೆ. ಸಂಗಡ ಸುಭದ್ರಾಳನ್ನೂ ಕರೆತನ್ನಿ ಎಂದು ಅವರಿಗೆ ನೀನೇ ಒಂದು ಸಾಲು ಬರೆ ಅಕ್ಕಾ. ನಾನು ಕೇಳಿದರೆ, ವೈರು ನೋಡಲು ನೀನ್ಯಾಕೆ ಅಂತಾರೆ.