ಡಬ್ಬಿಯ ತಳದ ಕಾಗದ

ಆಂಟಾಪ್ ಹಿಲ್, ಮುಂಬಯಿ
ತಾ. 11-3-1956

ಪ್ರೀತಿಯ ತಂಗಿ ಶೀಲಾವತಿಗೆ ನಿನ್ನ ಅಕ್ಕ ನೀಲಾವತಿಯ ಆಶೀರ್ವಾದ. ಅಮ್ಮನ ಕಾಲಿಗೆ ನಮಸ್ಕಾರ.

ನಾವೆಲ್ಲ ಕ್ಷೇಮ ಎಂದು ಬರೆಯಲು ಈ ಸಲ ಮನಸ್ಸು ಬರುವುದಿಲ್ಲ. ಮುಂಬಯಿಯಿಂದ ನನ್ನ ಕಾಗದ ಬಂದರೆ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುವುದು ನಮ್ಮ ಮನೆಯ ಪದ್ಧತಿಯಲ್ಲವೇ? ಇವತ್ತೂ ಅಕ್ಕಪಕ್ಕದವರನ್ನೆಲ್ಲ ಕೂರಿಸು. ವಿನೋದಿನಿಯ ತಂದೆ ಪೂವಪ್ಪಣ್ಣನನ್ನು ಹೇಳಿಕಳಿಸಿ ಕರೆಸು. ನಿನ್ನ ಅಣ್ಣ ಕಾಂತಪ್ಪನ ಮದುವೆಯ ವಿಷಯ ಇದರಲ್ಲಿದೆ. ಒಂದಕ್ಷರ ಬಿಡದೆ ಓದು.

ನಮ್ಮ ಕಾಂತಪ್ಪ ಮಾಟುಂಗದ ಹೋಟೆಲಿನ ರುಬ್ಬುವ ಕಲ್ಲು ಬಿಟ್ಟು ಧಾರಾವಿಯಲ್ಲಿ ಚಾಕಲೇಟು ಮಾಡುವಲ್ಲಿ ಸೇರಿ ಎರಡು ವರ್ಷವಾಯಿತು. ಚಾಕಲೇಟಿಗೆ ಮೊಟ್ಟೆ ಹಾಕುತ್ತಾರೋ, ಬ್ರಾಂದಿ ಹಾಕುತ್ತಾರೋ, ಅಂಥ ಕೆಲಸದವನಿಗೆ ಹುಡುಗಿ ಕೊಡಬಹುದೋ ಎಂದು ತಾಂಬೂಲವಾದ ಮೇಲೆ ಪೂವಪ್ಪಣ್ಣ ಕೇಳಿಸಿದ್ದರು. ಹೋಗಿ ಕಣ್ಣಾರೆ ನೋಡಿ ಬಾ ಎಂದು ಅಮ್ಮ ನಿನ್ನಿಂದ ಬರೆಸಿದ್ದಳು. ಹಾಗೆ ಎರಡು ವಾರದ ಹಿಂದೆ ಒಂದು ಶನಿವಾರ ಹೋದೆ.

ಕಾರ್ಖಾನೆ ಎಂದರೆ ನಿನ್ನ ಭಾವ ಕೆಲಸ ಮಾಡುವ ವಿಕ್ರೋಳಿಯ ಕಾರ್ಖಾನೆಯ ಹಾಗಲ್ಲ. ತಗಡಿನ ಮಾಡಿನ ಒಂದು ಕೋಣೆ, ಅದರ ಹಿಂದೆ ಮಂಜುಗಡ್ಡೆ ಇಟ್ಟ ಇನ್ನೊಂದು ಕೋಣೆ, ಅಷ್ಟೇ. ಒಂದು ಬದಿಯಲ್ಲಿ ಚರ್ಮ ಹದ ಮಾಡುವವರು, ಇನ್ನೊಂದು ಬದಿಯಲ್ಲಿ ಡಬ್ಬ ಬಡಿಯುವವರು. ಗಲ್ಲಿಯ ನಾತಕ್ಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೋದವಳು ಬಾಗಿಲು ದಾಟಿದ ಕೂಡಲೇ ಸೆರಗು ಬಿಟ್ಟುಬಿಟ್ಟೆ, ಒಳಗೆ ಅಂಥ ಪರಿಮಳ. ಯಜಮಾನರು ಬೆಜನ್ ಸೇಠ್ ಎಂಬ ಪಾರ್ಸಿ ಮುದುಕರು. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಚಹಾ ತರಿಸಿ, ಎಲ್ಲವನ್ನೂ ತೋರಿಸಿದರು.

ಕೋಕೋ ಬೀಜ ಹಡಗಿನಲ್ಲಿ ಗೋಣಿಗಟ್ಟಲೆ ಬರುತ್ತದೆ. ಹಸಿಯಲ್ಲಿ ಹುಳಿ ವಾಸನೆ. ಅದನ್ನು ನಮ್ಮ ಅನ್ನದ ಹಂಡೆಯಷ್ಟು ಅಗಲದ ಬಾಣಲೆಯಲ್ಲಿ ಹುರಿಯುತ್ತಾರೆ. ಸಿಪ್ಪೆ ಚಟಪಟ ಅನ್ನಲು ತೊಡಗಿದಾಗ ಇಳಿಸಿ, ಜಜ್ಜಿ, ಗೆರಸೆಯಲ್ಲಿ ಕೇರುತ್ತಾರೆ. ಕೇರುವವಳು ರಾಚವ್ವ ಎಂದು, ಬಿಜಾಪುರದ ಕಡೆಯ ಹೆಂಗಸು. ಆಮೇಲೆ ಸಕ್ಕರೆ, ಹಾಲಿನ ಪುಡಿ ಸೇರಿಸಿ ಕರೆಂಟಿನ ಕಲ್ಲಿನಲ್ಲಿ ಎರಡು ದಿನ ಅರೆಯುತ್ತಾರೆ. ಒಂದು ಹನಿ ನೀರು ಬೀಳಬಾರದು, ಬಿದ್ದರೆ ಅಷ್ಟೂ ಗಂಟು. ಕೊನೆಗೆ ಅಮೃತಶಿಲೆಯ ಹಾಸಿನ ಮೇಲೆ ಸುರಿದು, ಹರಡಿ, ಬಳಿದು, ಮತ್ತೆ ಹರಡಿ ಹದಕ್ಕೆ ತರುತ್ತಾರೆ. ಹದ ಬಂತೋ ಎಂದು ನೋಡಲು ಚೂರು ತೆಗೆದು ಕೆಳದುಟಿಗೆ ಮುಟ್ಟಿಸಿಕೊಳ್ಳುತ್ತಾರೆ, ತಣ್ಣಗೆ ಅನಿಸಬೇಕು. ಹದ ತಪ್ಪಿದರೆ ಗಟ್ಟಿಯಾದ ಮೇಲೆ ಬಿಳಿ ಮಚ್ಚೆ ಏಳುತ್ತದೆ. ಮೊಟ್ಟೆಯೂ ಇಲ್ಲ, ಬ್ರಾಂದಿಯೂ ಇಲ್ಲ. ಕೆಲಸದಲ್ಲಿ ಏನೂ ದೋಷವಿಲ್ಲ. ದೋಷ ಇರುವುದು ಕೆಲಸ ಮಾಡುವವನಲ್ಲಿ.

ಹೇಳಲು ನಾಚಿಕೆಯಾಗುತ್ತದೆ. ನಮ್ಮ ಕಾಂತಪ್ಪ ಇಲ್ಲಿ ಒಬ್ಬಳನ್ನು ಇಟ್ಟುಕೊಂಡಿದ್ದಾನೆ. ಯಾರೋ ಹೇಳಿದ್ದಲ್ಲ, ನಾನೇ ಕಂಡದ್ದು. ಎರಡು ತಿಂಗಳಿಗೆ ಮದುವೆ ಇಟ್ಟುಕೊಂಡು ಇದೇನು ಮಾಡಿದೆಯೋ ಎಂದು ಕೇಳಿದರೆ, ಮದುವೆಯೂ ಬೇಡ, ಊರೂ ಬೇಡ ಅಂದುಬಿಟ್ಟ. ಥೂ ಅವನ ಮುಖಕ್ಕೆ! ಅಪ್ಪ ಅನಿಸಿಕೊಂಡವನು ಘಟ್ಟದ ಮೇಲೆ ಹೋಗಿ ಒಬ್ಬಳನ್ನು ಕಟ್ಟಿಕೊಂಡು ನಮ್ಮನ್ನು ಬೀದಿಗೆ ಬಿಟ್ಟ. ಮಗ ಮುಂಬಯಿಗೆ ಬಂದು ಅದನ್ನೇ ಮಾಡಿದ. ಅಂಥವನು ನನಗೆ ತಮ್ಮನಲ್ಲ, ನಿನಗೆ ಅಣ್ಣನಲ್ಲ. ಪೂವಪ್ಪಣ್ಣ, ನಿಮ್ಮ ವಿನೋದಿನಿ ಚಿನ್ನದಂಥ ಹುಡುಗಿ. ನಮ್ಮ ಮನೆಯ ಮೇಲೆ ಸಿಟ್ಟು ಮಾಡಿಕೊಳ್ಳದೆ ಬೇರೆ ಕಡೆ ನೋಡಿ. ತಾಂಬೂಲ ಬದಲಾಯಿಸಿದ್ದನ್ನು ಮರೆತುಬಿಡಿ. ನಿಮ್ಮ ಕಾಲಿಗೆ ಬೀಳುತ್ತೇನೆ.

ಇದರ ಜೊತೆಗಿರುವ ಚಾಕಲೇಟಿನ ಡಬ್ಬಿ ನಾನು ಕೊಂಡದ್ದು. ಬಿಸಿಲಿಗೆ ಕರಗಿದ್ದರೆ ಮಣ್ಣಿನ ಕೊಡದ ಬುಡದಲ್ಲಿಡು. ಬಿಳಿ ಮಚ್ಚೆ ಕಂಡರೂ ಕೆಟ್ಟಿದೆ ಎಂದು ಬಿಸಾಡಬೇಡಿ, ತಿನ್ನಬಹುದು. ಡಬ್ಬಿಯ ತಳದ ಜರಿ ಕಾಗದವನ್ನು ಮಕ್ಕಳ ಕೈಗೆ ಕೊಡದೆ ನೀನೇ ತೆಗೆದಿಟ್ಟುಕೋ, ನಿನ್ನ ಕಸೂತಿಗೆ ಆಗುತ್ತದೆ.

ಇಂತು ನಿನ್ನ ಅಕ್ಕ,
ನೀಲಾವತಿ

*

ಶೀಲಾ,

ಡಬ್ಬಿಯ ತಳದಲ್ಲಿ ಇದು ಸಿಕ್ಕಾಗ ಹತ್ತಿರ ಯಾರಾದರೂ ಇದ್ದರೆ ಮಡಚಿ ರವಿಕೆಯೊಳಗೆ ಇಟ್ಟುಕೋ. ಒಬ್ಬಳೇ ಇದ್ದಾಗ ಓದು, ಓದಿ ಒಲೆಗೆ ಹಾಕು.

ಜಗಲಿಯಲ್ಲಿ ನೀನು ಓದಿದ್ದರಲ್ಲಿ ಚಾಕಲೇಟಿನ ಮಾತೆಲ್ಲ ನಿಜ, ಹೆಂಗಸಿನ ಮಾತು ಸುಳ್ಳು. ಕಾಂತಪ್ಪನಿಗೆ ಇಲ್ಲಿ ಯಾರೂ ಇಲ್ಲ. ವಿನೋದಿನಿಯ ಫೋಟೋವನ್ನು ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿಕೊಂಡಿದ್ದಾನೆ. ಡಬ್ಬಿಯನ್ನೂ ನಾನು ಕೊಂಡದ್ದಲ್ಲ.

ಅವತ್ತು ಬಾಣಲೆಯ ಮುಂದೆ ನಿಂತಿದ್ದವನು ಅವನೇ. ಹುರಿದದ್ದು ಸಾಕೋ ಎಂದು ನೋಡಲು ಉಳಿದವರು ಸೌಟಿನಲ್ಲಿ ಎತ್ತುತ್ತಾರೆ, ಇವನು ಬರಿಗೈ ಹಾಕಿ ಬೀಜ ಮೊಗೆದ. ಬೆಜನ್ ಸೇಠರು ಅವನ ಬೆನ್ನು ತಟ್ಟಿ, ಯೇ ತೋ ಮೇರಾ ಥರ್ಮಾಮೀಟರ್ ಹೈ, ಇವನೇ ನನ್ನ ಥರ್ಮಾಮೀಟರು ಎಂದು ನಕ್ಕರು. ಕಾಂತಪ್ಪನಿಗೆ ಹಿಗ್ಗೋ ಹಿಗ್ಗು. ಅಕ್ಕಾ, ನೆನಪುಂಟಾ, ಅಪ್ಪ ಚುರುಮುರಿ ಹುರಿಯುವಾಗ ಕಾದ ಹೊಯ್ಗೆಗೆ, ಆ ಸುಡುವ ಮರಳಿಗೆ, ಹೀಗೇ ಕೈ ಹಾಕುತ್ತಿದ್ದರಲ್ಲ, ಅವರ ಕೈ ನನಗೆ ಬಂದದ್ದು ಎಂದ. ಹೌದೋ ಮಾರಾಯ ಎಂದು ನಾನೂ ನಕ್ಕೆ. ಆ ನಗು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಎಷ್ಟಾದರೂ ತಮ್ಮನಲ್ಲವೇ, ಕೈ ಹಿಡಿದು ನೋಡಿದೆ. ಅಂಗೈಯ ಅಂಚಿನಲ್ಲಿ ಸುಟ್ಟ ಗುಳ್ಳೆ ಒಡೆದು ಮಾಂಸ ಕೆಂಪಗೆ ಕಾಣುತ್ತಿತ್ತು. ನೋಯುವುದಿಲ್ಲವೇನೋ ಎಂದರೆ, ಎಲ್ಲಿ ಎಂದು ಹುಡುಕಿದ. ಕಂಡ ಮೇಲೂ ಬೇರೆ ಯಾರದೋ ಕೈ ನೋಡಿದ ಹಾಗೆ ನೋಡಿದ. ಕಿರುಬೆರಳು ಒಳಕ್ಕೆ ಬಾಗಿತ್ತು. ಅವನು ರಾಚವ್ವನಿಗೆ ಏನೋ ಹೇಳಲು ತಿರುಗಿದಾಗ, ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಆ ಬೆರಳಿಗೆ ಚುಚ್ಚಿದೆ. ರಕ್ತ ಬಂತು. ಅವನು ಮಾತಾಡುತ್ತಲೇ ಇದ್ದ.

ಆಂಟಾಪ್ ಹಿಲ್‌ನಲ್ಲಿ ಇರುವವರಿಗೆ ವಡಾಳದ ಆಸ್ಪತ್ರೆಗೆ ನಡೆದು ಹೋಗುವ ರೋಗಿಗಳನ್ನು ನೋಡಿ ಗೊತ್ತು. ಅಂಥ ಬೆರಳುಗಳನ್ನು ನಾನು ದಿನಾ ನೋಡುತ್ತೇನೆ. ಹೆಸರು ಬರೆಯದೆ ಬೇರೆ ದಾರಿಯಿಲ್ಲ. ಕುಷ್ಠ, ಶೀಲಾ. ನಮ್ಮ ಕಾಂತಪ್ಪನಿಗೆ ಕುಷ್ಠ.

ಮಂಗಳವಾರ ಅದೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರ್ ನಂಜುಂಡಯ್ಯ ಎಂದು ಮೈಸೂರಿನ ಕಡೆಯವರು, ಪುಣ್ಯಾತ್ಮರು, ಕನ್ನಡದಲ್ಲೇ ಮಾತಾಡಿದರು. ಅವನಿಗೆ ಕಣ್ಣು ಮುಚ್ಚಲು ಹೇಳಿ, ಹತ್ತಿಯ ಎಳೆಯನ್ನು ಮೈಗೆ ಮುಟ್ಟಿಸಿ, ಎಲ್ಲಿ ಮುಟ್ಟಿದೆ ತೋರಿಸು ಎಂದು ಕೇಳಿದರು. ಕೆನ್ನೆ ತೋರಿಸಿದ, ಭುಜ ತೋರಿಸಿದ. ಮೊಣಕೈಯಲ್ಲಿ ಒಂದು ಬಿಳಿ ಮಚ್ಚೆ ಇದೆ. ಅದರ ಮೇಲೆ ಮೂರು ಸಲ ಎಳೆದರು. ಇವನು ಕಣ್ಣು ಮುಚ್ಚಿಕೊಂಡು ಕಾಯುತ್ತಲೇ ಇದ್ದು, ಯಾವಾಗ ಮುಟ್ಟುತ್ತೀರಿ ಡಾಕ್ಟರೇ ಎಂದು ಕೇಳಿದ.

ಈಗ ಮಾತ್ರೆ ಬಂದಿದೆಯಂತೆ. ಅಲ್ಲೇ ಇದ್ದು ವರ್ಷಗಟ್ಟಲೆ ತೆಗೆದುಕೊಂಡರೆ ರೋಗ ನಿಲ್ಲುತ್ತದಂತೆ. ಸತ್ತ ಬೆರಳಿಗೆ ಮಾತ್ರ ಜೀವ ಬರುವುದಿಲ್ಲ. ಇದು ರಕ್ತದಲ್ಲಿ ಬರುವುದಲ್ಲ, ರೋಗ ಇದ್ದವರ ಜೊತೆ ಒಂದೇ ಮನೆಯಲ್ಲಿ ಬಹಳ ಕಾಲ ಇದ್ದರೆ ಅಂಟುವುದು, ಚಿಕ್ಕಂದಿನಲ್ಲಿ ಅಂಟಿದ್ದು ಇಪ್ಪತ್ತು ವರ್ಷದ ಮೇಲೂ ಕಾಣಿಸಿಕೊಳ್ಳಬಹುದು ಎಂದರು. ನಿಮ್ಮ ಮನೆಯಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದರು. ಇಲ್ಲ ಎಂದು ಇಬ್ಬರೂ ಒಟ್ಟಿಗೇ ಹೇಳಿದೆವು.

ಹೊರಗೆ ಬಂದು ಬಸ್ಸು ಹತ್ತಲಿಲ್ಲ. ಆಸ್ಪತ್ರೆಯ ಕಟ್ಟೆಯ ಮೇಲೆ ಕೂತ, ನಾನೂ ಕೂತೆ. ಅವನೇ ಮಾತು ತೆಗೆದ. ನಿಜ ಹೇಳಿದರೆ ಅಮ್ಮ ಕಟ್ಟಿದ ಬೀಡಿಯನ್ನು ಯಾರೂ ಮುಟ್ಟುವುದಿಲ್ಲ, ಬಾವಿಗೆ ಕೊಡ ಇಳಿಸಲು ಬಿಡುವುದಿಲ್ಲ, ಶೀಲಾಳಿಗೆ ಈ ಜನ್ಮದಲ್ಲಿ ಗಂಡು ಸಿಗುವುದಿಲ್ಲ ಎಂದ. ಸುಮ್ಮನಿದ್ದು ಮದುವೆಯಾದರೆ ವಿನೋದಿನಿಯನ್ನು ಕೈಯಾರೆ ಹಾಳುಮಾಡಿದ ಹಾಗೆ. ಒಬ್ಬಳನ್ನು ಇಟ್ಟುಕೊಂಡಿದ್ದಾನೆ ಎಂದು ಬರಿ. ಹೆಣ್ಣಿನ ಚಾಳಿಯವನ ತಂಗಿಗೆ ಗಂಡು ಸಿಗುತ್ತದೆ, ಜನ ನಾಲ್ಕು ದಿನ ಉಗುಳಿ ಮರೆಯುತ್ತಾರೆ ಎಂದ. ಚೆನ್ನಾಗಿ ಬೈದು ಬರಿ ಅಕ್ಕಾ, ನಿನಗೆ ಬೈಯಲು ಬರುತ್ತದಲ್ಲ ಎಂದು ನಗಲು ನೋಡಿದ. ಬೈದಿದ್ದೇನೆ. ಒಂದೊಂದು ಶಬ್ದಕ್ಕೂ ಕೈ ಕಡಿದುಕೊಂಡ ಹಾಗಾಯಿತು.

ಸೇಠರಿಗೆ ಊರಿಗೆ ಮದುವೆಗೆ ಹೋಗುತ್ತೇನೆ ಎಂದು ಹೇಳಿ ಕೆಲಸ ಬಿಟ್ಟ. ಅವರು ಸಂತೋಷಪಟ್ಟು, ನಿನ್ನ ಮದುಮಗಳಿಗೆ ಎಂದು ಈ ಡಬ್ಬಿ ತುಂಬಿಸಿಕೊಟ್ಟರು. ಇವನು ಕೈಯೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ದೂರ ನಿಂತಿದ್ದನಂತೆ. ಅಚ್ಚಿಗೆ ಹೊಯ್ದದ್ದು, ಸುತ್ತಿದ್ದು, ಜೋಡಿಸಿದ್ದು ಎಲ್ಲ ರಾಚವ್ವ. ಯಾಕೋ ತಮ್ಮಾ, ಮದುಮಗ ಆದಿ ಅಂತ ಕೈ ಮುಟ್ಟಂಗಿಲ್ಲೇನು ಎಂದು ಅವಳು ಚೇಷ್ಟೆ ಮಾಡಿದಳಂತೆ. ನಾನು ಒಂದನ್ನೂ ಮುಟ್ಟಿಲ್ಲ ಅಕ್ಕಾ, ಧೈರ್ಯವಾಗಿ ಕಳಿಸು ಎಂದು ನನಗೆ ಎರಡು ಸಲ ಹೇಳಿದ. ವಿನೋದಿನಿಗೆ ಎರಡು ಕೊಡು. ಯಾರದ್ದು ಎಂದು ಹೇಳಬೇಡ.

ಈಗ ಅವನು ಆಸ್ಪತ್ರೆಯ ಒಳಗೇ ಇದ್ದಾನೆ. ನಿನ್ನ ಭಾವನಿಗೆ ಇನ್ನೂ ಹೇಳಿಲ್ಲ, ಹೇಳಿದರೆ ನನ್ನನ್ನೂ ಬಾಗಿಲ ಹೊರಗೆ ನಿಲ್ಲಿಸುತ್ತಾರೋ ಎಂಬ ಭಯ. ಅವರು ವಿಕ್ರೋಳಿಗೆ ಹೋದ ಮೇಲೆ ಗುರುವಾರ ಗುರುವಾರ ಹೋಗಿ ನೋಡಿ ಬರುತ್ತೇನೆ. ಈ ಸುಳ್ಳನ್ನು ಅಮ್ಮನ ತಲೆಯ ಮೇಲೆ ಹೊರಿಸಿದ್ದು ಸರಿಯೋ ತಪ್ಪೋ, ನನಗಂತೂ ತಿಳಿಯುವುದಿಲ್ಲ.

ನಿನ್ನ ಅಕ್ಕ,
ನೀಲಾ

ಪುನಶ್ಚ: ಡಬ್ಬಿ ಕಟ್ಟಲು ಕೂತಾಗ ಒಂದು ನೆನಪು ಬಂತು. ಬರೆಯದೆ ಇರಲಾರೆ. ನೀನಿನ್ನೂ ಹುಟ್ಟಿರಲಿಲ್ಲ, ಕಾಂತಪ್ಪನಿಗೆ ಏಳು ವರ್ಷ, ನನಗೆ ಹನ್ನೆರಡು. ಕೊನೆಕೊನೆಗೆ ಅಮ್ಮ ಅಪ್ಪನ ಚಾಪೆಯನ್ನು ಹಿಂದಿನ ಚಾವಡಿಗೆ ಹಾಕಿದ್ದಳು. ಅವರ ಬಟ್ಟಲು ಬೇರೆ ಇತ್ತು. ಕಾಂತಪ್ಪ ಅವರ ತೊಡೆ ಏರಿದರೆ ಎಳೆದು ಹೊಡೆಯುತ್ತಿದ್ದಳು. ಗಂಡ ಹೆಂಡತಿ ಜಗಳ ಎಂದು ನಾನು ತಿಳಿದಿದ್ದೆ. ಅಪ್ಪನ ಕಿರುಬೆರಳೂ ಬಾಗಿತ್ತು, ಶೀಲಾ. ಒಂದು ಬೆಳಿಗ್ಗೆ ಅವರು ಇರಲಿಲ್ಲ. ಅಮ್ಮ ಜಗಲಿಯಲ್ಲಿ ನಿಂತು, ಘಟ್ಟದ ಮೇಲಿನ ಹೆಂಗಸಿನ ಹಿಂದೆ ಓಡಿದ ಎಂದು ಊರಿಗೆಲ್ಲ ಕೇಳುವ ಹಾಗೆ ಬೈದಳು. ನನಗೆ ಬೈಯಲು ಕಲಿಸಿದವಳು ಅವಳೇ.

ನೀನು ನನ್ನ ಕಾಗದ ಓದಿದಾಗ ಎಲ್ಲರೂ ಕಾಂತಪ್ಪನಿಗೆ ಉಗುಳಿರುತ್ತಾರೆ. ಅಮ್ಮ ಉಗುಳಿರಲಿಕ್ಕಿಲ್ಲ. ಸುಮ್ಮನೆ ಎದ್ದು ಒಳಗೆ ಹೋಗಿರುತ್ತಾಳೆ. ಹೋಗಿ ಅವಳ ಹತ್ತಿರ ಕೂತುಕೋ. ಏನೂ ಕೇಳಬೇಡ, ಏನೂ ಹೇಳಬೇಡ. ಅವಳಿಗೆ ಗೊತ್ತಾಗಿದೆ.